ಮಣಿಯೊಳಗಿನ ಇರುವೆಯ ಮುಖ

"ಬುದ್ಧೀ, ಸತ್ತವರ ಮುಖ ಮರೆತುಹೋದರೆ ಅವರು ಇನ್ನೊಂದು ಸಲ ಸತ್ತ ಹಾಗೇನಾ?"

ಗುರುಗಳನ್ನು ಹೀಗೆ ಕೇಳಿದವನು ತಿಪ್ಪೇಶಿ. ಅವನು ಬಾಯಿ ತೆರೆದರೆ ಸಾಕು, ಮಠದ ಉಳಿದ ಶಿಷ್ಯರು ನಗಲು ತಯಾರಾಗಿ ಕೂರುತ್ತಿದ್ದರು. ಅಡುಗೆಯ ಪರಪ್ಪ ಸೀನುವ ರೀತಿ, ಗುರುಗಳು ಪ್ರವಚನದ ನಡುವೆ ತೂಕಡಿಸುವ ರೀತಿ, ಎಲ್ಲವನ್ನೂ ಆಡಿ ತೋರಿಸುವವನು ಅವನು. ಹೋದ ವಾರವಷ್ಟೇ ಪೂಜೆಯ ಗಂಟೆಯ ನಾಲಗೆಗೆ ಬಟ್ಟೆ ಸುತ್ತಿ, ಪೂಜಾರಿ ಎಷ್ಟು ಆಡಿಸಿದರೂ ಸದ್ದು ಬಾರದ ಹಾಗೆ ಮಾಡಿದ್ದ. ಸಿಕ್ಕಿಬಿದ್ದಾಗಲೂ ಎಡಗೈಯ ಹಿಂಬದಿಯನ್ನು ಬಾಯಿಗೆ ಅಡ್ಡ ಹಿಡಿದು ಕಿಸಕ್ಕನೆ ನಕ್ಕಿದ್ದ.

ಹಾಗಾಗಿ ಈ ಪ್ರಶ್ನೆಗೂ ಒಂದಿಬ್ಬರು ನಕ್ಕರು. ತಿಪ್ಪೇಶಿ ನಗಲಿಲ್ಲ. ಅದನ್ನು ನೋಡಿ ಅವರ ನಗುವೂ ನಿಂತಿತು.

"ಏನಾಯಿತೋ?" ಎಂದರು ಗುರುಗಳು.

"ಅವ್ವನ ಮುಖ ಬರ್ತಾ ಇಲ್ಲ ಬುದ್ಧೀ. ಬೆಳಗ್ಗೆಯಿಂದ ಕಣ್ಣು ಮುಚ್ಚಿ ಕೂತೆ. ಸೆರಗು ಬರ್ತದೆ, ಬಳೆ ಬರ್ತವೆ, ಒಲೆ ಊದೋದು ಬರ್ತದೆ. ಮುಖ ಇರೋ ಜಾಗದಲ್ಲಿ ಬರೀ ಹೊಗೆ. ಕೋತಿಯಾಟ ಆಡ್ತಾ ಆಡ್ತಾ ನಾನೇ ಅವಳನ್ನ ಕಳಕೊಂಡೆ. ಇನ್ಮೇಲೆ ನಗೋದಿಲ್ಲ. ಆ ಮುಖ ಸಿಗೋ ತನಕ ಒಂದು ಮೂಲೇಲಿ ಕೂತು ಹುಡುಕ್ತೀನಿ. ಅಪ್ಪಣೆ ಕೊಡಿ."

ಇದು ತಮಾಷೆಯಲ್ಲ ಎಂದು ಗುರುಗಳಿಗೆ ತಿಳಿಯಿತು. ಅಪ್ಪಣೆ ಕೊಡಲಿಲ್ಲ. ಕೊಡುವುದಿಲ್ಲ ಎಂದೂ ಅನ್ನಲಿಲ್ಲ. ಕತೆ ಹೇಳಿದರು.

ಒಬ್ಬ ಮಣಿಗಾರನಿದ್ದ. ಅಂಬರ್ ಉಜ್ಜಿ ಜಪದ ಮಣಿ ಮಾಡುವುದು ಅವನ ಕಸುಬು. ಅಂಬರ್ ನೋಡಲು ಕಲ್ಲು, ಹುಟ್ಟಿನಲ್ಲಿ ಮರದ ಅಂಟು. ಮನುಷ್ಯ ಹುಟ್ಟುವುದಕ್ಕೆ ಎಷ್ಟೋ ಕೋಟಿ ವರ್ಷ ಮೊದಲು ಯಾವುದೋ ಮರ ಗಾಯವಾಗಿ ಸುರಿಸಿದ್ದು ನೆಲದಡಿ ಸೇರಿ, ಗಟ್ಟಿಯಾಗಿ, ಜೇನುಬಣ್ಣದ ಗಾಜಿನಂತಾಗಿರುತ್ತದೆ.

ಆ ಕಸುಬಿನವರಲ್ಲಿ ಒಂದು ಕಟ್ಟಳೆ. ತುಂಡಿನೊಳಗೆ ಹುಳ ಸತ್ತು ಕೂತಿದ್ದರೆ ಅದನ್ನು ಜಪಸರಕ್ಕೆ ಪೋಣಿಸುವಂತಿಲ್ಲ. ಸೂತಕದ ಮಣಿ ಎನ್ನುತ್ತಾರೆ. ಪುಡಿ ಮಾಡಿ ಧೂಪಕ್ಕೆ ಹಾಕುತ್ತಾರೆ. ಒಂದು ದಿನ ಅಂಥ ತುಂಡೊಂದು ಮಣಿಗಾರನ ಕೈಗೆ ಬಂತು. ಧೂಪದ ಕುಡಿಕೆಗೆ ಎಸೆಯುವ ಮೊದಲು ಬಿಸಿಲಿಗೆ ಹಿಡಿದು ನೋಡಿದ. ಒಳಗೆ ಇರುವೆಯಂಥ ಹುಳ. ಮುಂಗಾಲನ್ನು ಎತ್ತಿ ತಲೆಯ ಮೀಸೆಗೆ ತಾಗಿಸಿಕೊಂಡಿತ್ತು. ತನಗೇ ನಮಸ್ಕಾರ ಮಾಡುತ್ತಿದೆ ಅಂದುಕೊಂಡ. ನಮಸ್ಕಾರ ಮಾಡಿದವರನ್ನು ಎಸೆಯುವುದು ಹೇಗೆ? ಇಟ್ಟುಕೊಂಡ.

ಹುಳಗಳನ್ನು ಬಲ್ಲ ಪಂಡಿತನೊಬ್ಬ ಆ ದಾರಿಯಲ್ಲಿ ಬಂದ. ನೋಡಿ ಹೇಳಿದ: "ಇದು ಈಗಿನ ಇರುವೆಯಲ್ಲವಯ್ಯಾ. ಸೊಂಟ ಇರುವೆಯದು, ದವಡೆ ಕುಟುಕುವ ಕಣಜದ ಹುಳದ್ದು. ಕಣಜದ ಕುಲದಿಂದ ಇರುವೆಯ ಕುಲ ಕವಲೊಡೆಯುವಾಗ ನಡುದಾರಿಯಲ್ಲಿ ಇದ್ದದ್ದು. ಈ ರೂಪದ್ದು ಈಗ ಭೂಮಿಯ ಮೇಲೆ ಒಂದೂ ಇಲ್ಲ."

ಪಂಡಿತ ಹೋದ. ಮಣಿಗಾರನ ನಿದ್ದೆಯೂ ಅವನ ಹಿಂದೆಯೇ ಹೋಯಿತು. ಒಂದೂ ಇಲ್ಲ! ಹಾಗಾದರೆ ಒಂದು ಇಡೀ ಕುಲ ನನ್ನ ಅಂಗೈಯಲ್ಲಿ ಉಳಿದಿದೆ ಅಂದುಕೊಂಡ. ಎಳೆಗೂಸಿನ ಹಾಗೆ ಬಟ್ಟೆಯಲ್ಲಿ ಸುತ್ತಿಟ್ಟ. ಒಂದೇ ಕೊರಗು. ಮೀಸೆ, ದವಡೆಯ ತುದಿ ಬಿಟ್ಟರೆ ಹುಳದ ಮುಖಕ್ಕೆಲ್ಲ ಹಾಲಿನಂಥ ಮಬ್ಬು ಕವಿದಿತ್ತು. ಮುಖ ಕಾಣದು. ಸ್ವಲ್ಪ ಉಜ್ಜಿದರೆ ಕಂಡೀತು ಎಂದು ಉಜ್ಜಿದ. ಮರುದಿನ ಇನ್ನಷ್ಟು. ಜಪಸರಗಳು ಅರ್ಧಕ್ಕೇ ನಿಂತವು. ಹೆಂಡತಿ ಊಟಕ್ಕೆ ಕರೆದರೆ "ತಡಿಯೇ, ಈಗ ಕಂಡೀತು" ಎನ್ನುತ್ತಿದ್ದ.

ತಿಪ್ಪೇಶಿ ಮುಂದಕ್ಕೆ ಜರುಗಿ ಕೂತ. "ಕಂಡಿತಾ ಬುದ್ಧೀ?"

ಉಜ್ಜಿ ಉಜ್ಜಿ ತೆಳ್ಳಗಾಗಿದ್ದ ಪದರ ಒಂದು ದಿನ ಚಿಟ್ಟೆಂದು ಒಡೆಯಿತು. ಮಣಿಗಾರ ಒಳಗೆ ನೋಡಿದ. ಹುಳವಿರಲಿಲ್ಲ. ಹುಳದ ಆಕಾರದ ಒಂದು ಟೊಳ್ಳು ಇತ್ತು. ಮೈ ಯಾವತ್ತೋ ಕರಗಿಹೋಗಿ, ಟೊಳ್ಳಿನ ಗೋಡೆಗೆ ಚೂರು ಕಪ್ಪು ಪುಡಿ ಹತ್ತಿಕೊಂಡಿತ್ತು. ಅಯ್ಯೋ ಎಂದು ಅವನು ಬಿಟ್ಟ ಉಸಿರಿಗೆ ಅದೂ ಹಾರಿತು.

ಮಣಿಗಾರ ತಲೆಯ ಮೇಲೆ ಕೈಹೊತ್ತು ಕೂತ. "ಒಂದು ಕುಲವನ್ನೇ ಕೈಯಾರೆ ಮುಗಿಸಿಬಿಟ್ಟೆನಲ್ಲೇ!" ಎಂದು ಅತ್ತ.

ಹೆಂಡತಿ ಅಡುಗೆಮನೆಯಿಂದ ಕೂಗಿದಳು: "ಮುಗಿಸೋಕೆ ನಿಮ್ಮಿಂದ ಆಗೋದುಂಟಾ? ಬೆಲ್ಲದ ಡಬ್ಬಿ ನೋಡ ಬನ್ನಿ. ನಿಮ್ಮ ನೆಂಟರು ಮದುವೆ ದಿಬ್ಬಣ ಹೊರಡಿಸಿದ್ದಾರೆ."

ಮಣಿಗಾರ ಎದ್ದು ಹೋದ. ಡಬ್ಬಿಯ ಸುತ್ತ ಇರುವೆ ಸಾಲು. ಇವು ಬೇರೆಯವು, ಇವುಗಳ ದವಡೆಯೇ ಬೇರೆ ಎಂದು ತಿರುಗುವಷ್ಟರಲ್ಲಿ ಸಾಲಿನೊಳಗಿನ ಒಂದು ಇರುವೆ ನಿಂತಿತು. ಮುಂಗಾಲೆತ್ತಿತು. ಮೀಸೆಯನ್ನು ಕಾಲಿನ ಸಂದಿಗೆ ಸಿಕ್ಕಿಸಿ, ಬುಡದಿಂದ ತುದಿಯ ತನಕ ಎಳೆದುಕೊಂಡಿತು, ತಲೆ ಬಾಚಿದ ಹಾಗೆ. ಆಮೇಲೆ ತನ್ನ ದಾರಿ ಹಿಡಿಯಿತು.

ಮಣಿಯೊಳಗೆ ಎತ್ತಿದ್ದ ಕಾಲು ಅವನ ಕಣ್ಣ ಮುಂದೆ ಬಂತು. ಅದು ನಮಸ್ಕಾರ ಆಗಿರಲಿಲ್ಲ. ಮೀಸೆ ಬಾಚಿಕೊಳ್ಳುವಾಗಲೇ ಪಾಪ ಅಂಟು ಬಂದು ಮುಚ್ಚಿತ್ತು. ಕಿಟಕಿಯ ಮೇಲೆ ಒಂದು ಕಣಜದ ಹುಳ ಕೂತಿತ್ತು. ಅದೂ ಬಾಚಿಕೊಳ್ಳುತ್ತಿತ್ತು. ದವಡೆ ಬದಲಾಗಿತ್ತು, ಮೈ ಬದಲಾಗಿತ್ತು, ಒಂದು ಕುಲ ಎರಡಾಗಿತ್ತು. ಮೀಸೆ ಬಾಚುವ ರೀತಿ ಹಾಗೇ ಇತ್ತು. ಅದನ್ನು ಯಾರೂ ಬಟ್ಟೆಯಲ್ಲಿ ಸುತ್ತಿಟ್ಟು ಕಾದಿರಲಿಲ್ಲ. ತಾಯಿಯಿಂದ ಮರಿಗೆ, ಮರಿಯಿಂದ ಅದರ ಮರಿಗೆ, ಸುಮ್ಮನೆ ನಡೆದು ಬಂದಿತ್ತು.

ಮಣಿಗಾರ ಕಣ್ಣೊರೆಸಿಕೊಂಡ. ಬೆಲ್ಲದ ಡಬ್ಬಿಯನ್ನು ಮುಚ್ಚಳ ತೆಗೆದು ನೆಲಕ್ಕಿಟ್ಟ.

"ಅದಕ್ಕೆ ಹೆಂಡತಿ ಬೈದದ್ದನ್ನು ಮಠದಲ್ಲಿ ಹೇಳುವಂತಿಲ್ಲ" ಎಂದು ಗುರುಗಳು ಕತೆ ನಿಲ್ಲಿಸಿದರು. ಬೈಗುಳದ ಬದಲು, ಥೇಟ್ ಪರಪ್ಪನ ಹಾಗೆ, ಮೂಗನ್ನು ಮೇಲೆತ್ತಿ ಒಂದು ಸಲ ಸೀನಿ ತೋರಿಸಿದರು.

ಶಿಷ್ಯರೆಲ್ಲ ಗೊಳ್ಳೆಂದರು. ತಿಪ್ಪೇಶಿ ತುಟಿ ಕಚ್ಚಿ ಹಿಡಿದ. ಹಿಡಿಯಲಾಗಲಿಲ್ಲ. ಕಿಸಕ್ಕನೆ ನಗು ಬಂತು, ಎಡಗೈ ತಾನಾಗಿಯೇ ಎದ್ದು ಬಾಯಿಗೆ ಅಡ್ಡ ಹೋಯಿತು. ಶಪಥ ಮುರಿಯಿತೆಂದು ನಾಚಿ ಅವನು ಕೈ ಇಳಿಸುವ ಮೊದಲೇ ಗುರುಗಳು ಆ ಕೈಯನ್ನು ಅಲ್ಲಿಯೇ ಮೆಲ್ಲನೆ ಹಿಡಿದುಕೊಂಡರು.

"ನಿನ್ನನ್ನು ಇಲ್ಲಿ ಬಿಟ್ಟುಹೋಗಲು ಬಂದ ದಿನ, ನಿಮ್ಮವ್ವನೂ ಹೀಗೇ ಕೈ ಅಡ್ಡ ಹಿಡಿದು ನಕ್ಕಿದ್ದಳು ಕಣೋ."