ಹಾಲವ್ವನ ಸೆರಗಿನ ಚಿಪ್

ಬಟ್ಟೆಗೆ ಬಾಯಿಲ್ಲದಿದ್ದ ಕಾಲದಿಂದ ಶುರು ಮಾಡುತ್ತೇನೆ, ಕೇಳಿ. ನಮ್ಮೂರ ಕೆರೆ ದಂಡೆಯಲ್ಲಿ ಹಾಲವ್ವ ಊರ ಬಟ್ಟೆ ಒಗೆಯುತ್ತಿದ್ದಳು. ಅದಲು ಬದಲಾಗದಂತೆ, ಎಷ್ಟು ಒಗೆದರೂ ಹೋಗದ ಗೇರಿನ ಮಸಿಯಲ್ಲಿ ಮನೆಗೊಂದು ಗುರುತು. ಮೇಷ್ಟ್ರ ಮನೆಗೆ ಎರಡು ಚುಕ್ಕೆ, ಡಾಕ್ಟರ ಮನೆಗೆ ಅಡ್ಡಗೆರೆ, ನಮ್ಮ ಮನೆಗೆ ಮೂರು ಚುಕ್ಕೆ. ನಮ್ಮಪ್ಪನ ಪಂಚೆಯ ಮೂಲೆಯಲ್ಲಿ ಆ ಮೂರು ಚುಕ್ಕೆ ಇನ್ನೂ ಇವೆ. ಮೂವತ್ತು ವರ್ಷದಲ್ಲಿ ಅವಳು ಒಂದು ಕರ್ಚೀಫನ್ನೂ ಕಳೆದವಳಲ್ಲ.

ಅವಳ ಮಗ ಮಾಚ. ಆಳೆತ್ತರ ಬೆಳೆದಿದ್ದ, ಹೇಳಿದ್ದನ್ನು ಹೇಳಿದಂತೆಯೇ ಮಾಡುವ ಪೆದ್ದ. ಚಿಕ್ಕಂದಿನಲ್ಲಿ ಸಂತೆಯಲ್ಲಿ ಕಳೆದುಹೋಗುತ್ತಿದ್ದನೆಂದು ಹಾಲವ್ವ ಅವನ ಅಂಗಿಗೂ ಗುರುತು ಹಾಕಿದ್ದಳು. ಯಾರಿಗೆ ಸಿಕ್ಕರೂ ಕಾಲರ್ ನೋಡಿ ಮನೆಗೆ ತಂದು ಬಿಡುತ್ತಿದ್ದರು.

ಆಮೇಲೆ ಮನೆಮನೆಗೂ ವಾಷಿಂಗ್ ಮಷಿನ್ ಬಂದವು. ಹಾಲವ್ವನಿಗೆ ಉಳಿದದ್ದು ಒಂದು ಲಾಡ್ಜಿನ ಕೆಲಸ. ಅಲ್ಲಿನ ಮ್ಯಾನೇಜರ್ ಗುರುಬಸಪ್ಪ ಅರವತ್ತು ಬೆಡ್‌ಶೀಟಿಗೂ ಗುಂಡಿಯಷ್ಟು ಚಿಪ್ ಹೊಲಿಸಿದ.

"ಹಾಲವ್ವ, ಇದಕ್ಕೆ ಬ್ಯಾಟರಿ ಇಲ್ಲ, ಮಲಗಿರ್ತದೆ. ನನ್ನ ಕೈಲಿರೋ ರೀಡರ್ ರೇಡಿಯೋ ಅಲೆ ಬಿಟ್ರೆ ಎದ್ದು ನಂಬರ್ ಹೇಳ್ತದೆ. ಗಂಟು ಬಿಚ್ಚೋದೇ ಬೇಡ. ಆದ್ರೆ ಒಂದು ಶೀಟ್ ಕಡಿಮೆಯಾದ್ರೂ ಕೆಲಸ ಬೇರೆಯವರಿಗೆ!"

"ಮಾಚ, ಒಳಗೆ ಚಿಪ್ ಮಲಗೈತೆ, ಜ್ವಾಕೆ!" ಅಂದಳು ಹಾಲವ್ವ.

ಮಾಚ ಸೋಪು ಹಚ್ಚಲಿಲ್ಲ, ಕಲ್ಲಿಗೆ ಬಡಿಯಲಿಲ್ಲ. ಗಂಟನ್ನು ನೆರಳಲ್ಲಿಟ್ಟು ಸಂಜೆತನಕ ನೊಣ ಓಡಿಸಿದ.

"ಯಾಕಲೇ ಒಗೀಲಿಲ್ಲ?"

"ಶ್! ಮಲಗೈತವ್ವ!"

"ಅಯ್ಯೋ ಪೆದ್ದೇ! ಒಗೆದ್ರೆ ಅದಕ್ಕೇನೂ ಆಗಲ್ಲ. ರೇಡಿಯೋ ಅಲೆ ಬಂದ್ರೇನೇ ಅದು ಏಳೋದು!"

ಮರುದಿನ ಮಾಚ ಚೆನ್ನಾಗಿ ಒಗೆದ, ಒಣಗಿಸಿದ, ಗಂಟು ಕಟ್ಟಿದ. ಅಪ್ಪನ ಕಾಲದ ರೇಡಿಯೋ ತಂದು ಗಂಟಿನ ಪಕ್ಕ ಜೋರಾಗಿ ಹಾಕಿದ. ಕೃಷಿ ಕಾರ್ಯಕ್ರಮ ಮುಗಿಯಿತು, ವಾರ್ತೆ ಮುಗಿಯಿತು. "ಏಳು, ನಂಬರ್ ಹೇಳು!" ಅಂತ ಕೂಗಿದ್ದೇ ಕೂಗಿದ್ದು. ಹಾದಿಹೋಕರೆಲ್ಲ ಸೈಕಲ್ ನಿಲ್ಲಿಸಿ ಹಳೇ ರೇಡಿಯೋ ಕೇಳುತ್ತ ನಿಂತರು. ನಾನೂ ನಿಂತಿದ್ದೆ, ಸುಳ್ಳು ಯಾಕೆ ಹೇಳಲಿ.

"ಎಬ್ಬಿಸೋದು ಮ್ಯಾನೇಜರ್ ಕೆಲಸ ಕಣಲೇ! ನೀನು ಭದ್ರವಾಗಿ ಇಟ್ಕಂಡು ಒಯ್ದು ಕೊಡು, ಸಾಕು!" ಅಂದಳು ಹಾಲವ್ವ.

ಭದ್ರವಾಗಿ ತಾನೇ? ಮಾಚ ಕಬ್ಬಿಣದ ಟ್ರಂಕಿಗೆ ತುಂಬಿದ, ಬೀಗ ಜಡಿದ, ಒಯ್ದು ಕೊಟ್ಟ. ಗುರುಬಸಪ್ಪ ರೀಡರ್ ಹಿಡಿದರೆ ಒಂದೂ ಉಸಿರೆತ್ತಲಿಲ್ಲ.

"ಅರವತ್ತೂ ಹೋದ್ವಾ!"

ಹಿಂದೆ ಬರುತ್ತಿದ್ದ ಹಾಲವ್ವ ಓಡಿಬಂದು ಬೀಗ ಬಿಚ್ಚಿ ಮುಚ್ಚಳ ತೆಗೆದಳು. ಕೀಂ ಕೀಂ ಕೀಂ! ಅರವತ್ತೂ ಒಟ್ಟಿಗೆ ಮಾತಾಡಿದವು.

"ಕಬ್ಬಿಣದೊಳಗೆ ಅಲೆ ಹೋಗಲ್ಲ. ಇನ್ನೊಂದು ಸಲ ತಪ್ಪಿದ್ರೆ ಈ ಕಡೆ ಬರಬೇಡಿ!" ಅಂದ ಗುರುಬಸಪ್ಪ.

ದಾರಿಯಲ್ಲಿ ಹಾಲವ್ವ ಬೈಯಲೂ ಇಲ್ಲ. "ಮಾಚ, ಈ ಕೆಲಸ ಹೋದ್ರೆ ನಮ್ಮ ಒಲೆ ಹತ್ತಲ್ಲ. ಚಿಪ್ ಅಂದ್ರೆ ನಮ್ಮ ಗೇರಿನ ಗುರುತಿದ್ದಂಗೆ. ಕಳ್ಕೋಬಾರದ್ದಕ್ಕೆ ಹೊಲೀತಾರೆ. ತಿಳೀತಾ?"

"ತಿಳೀತವ್ವ."

ಮುಂದಿನ ವಾರ ಹಾಲವ್ವ ಲಾಡ್ಜಿನ ಬಾಗಿಲಾಚೆ ನಿಂತಳು. ಮಾಚ ಗಂಟು ಇಳಿಸಿದ. ರೀಡರ್ ಐವತ್ತೊಂಬತ್ತು ಅಂತ ತೋರಿಸಿತು.

"ಒಂದು ಇಲ್ಲ!"

ಹಾಲವ್ವ ಧಾವಿಸಿ ಒಳಗೆ ಬಂದಳು. "ನಾನು ಕಳ್ಳಿ ಅಲ್ಲ, ಸಾಮಿ..." ಅಂತ ಕೈ ಮುಗಿದಳು. ಕೀಂ! ರೀಡರ್ ಅವಳನ್ನೇ ಓದಿತು: ಡಬಲ್ ಬೆಡ್‌ಶೀಟ್, ನಂಬರ್ ಮೂವತ್ತೇಳು.

ಸೆರಗಿನ ಅಂಚು ತಿರುವಿದರೆ ಅಲ್ಲಿ ಚಿಪ್!

"ಏನಲೇ ಇದು?"

"ಕಳ್ಕೋಬಾರದ್ದಕ್ಕೆ ಹೊಲೀತಾರೆ ಅಂದ್ಯಲ್ಲವ್ವ. ಒಂದು ಶೀಟಿಂದ ಬಿಚ್ಚಿ ನಿನಗೆ ಹೊಲಿದೆ."

ಹೊಡೆಯಲು ಎತ್ತಿದ ಕೈಯಲ್ಲೇ ಹಾಲವ್ವ ಕಣ್ಣೊರೆಸಿಕೊಂಡಳು. ಗುರುಬಸಪ್ಪ ಗಂಟು ಬಿಚ್ಚಿ ಎಣಿಸಿದ. ಶೀಟು ಅರವತ್ತೂ ಇದ್ದವು.

"ಕೆಲಸ ಎಲ್ಲೂ ಹೋಗಲ್ಲ, ಹಾಲವ್ವ" ಅಂದ. "ಮಾಚ, ಆ ಮೂವತ್ತೇಳನ್ನ ಗಂಟಿನ ಮೇಲೆ ಇಡಪ್ಪ, ಮತ್ತೆ ಓದಿಸ್ತೀನಿ."

ಮಾಚ ಅವ್ವನ ಕೈ ಹಿಡಿದು ಕರೆತಂದ. ಮೆಲ್ಲಗೆ ಗಂಟಿನ ಮೇಲೆ ಕೂರಿಸಿದ.

"ಈಗ ಓದ್ಸಿ ಸಾರ್, ಅರವತ್ತು! ಆದ್ರೆ ಇದನ್ನ ಸಂಜೆಗೆ ವಾಪಸ್ ಕೊಟ್ಬಿಡಿ. ಮನೇಲಿ ನಂಗಿರೋದು ಇದೊಂದೇ."