ತಡವಾಗಿ ಬಂದ ದನಿ

ಮಲಪ್ರಭೆಯ ದಂಡೆಯ ಮೇಲೆ ಒಂದು ಸಂಗೀತಾಶ್ರಮ. ಅಲ್ಲಿಯ ಗುರು ಚನ್ನವೀರಯ್ಯನವರಿಗೆ ಮರುದಿನ ಗಂಟಲಿನ ಶಸ್ತ್ರಚಿಕಿತ್ಸೆ ಇತ್ತು.

ದನಿ ಉಳಿಯುತ್ತದೋ ಇಲ್ಲವೋ ಹೇಳಲಾಗದು ಎಂದಿದ್ದರು ಡಾಕ್ಟರು.

ಚನ್ನವೀರಯ್ಯನವರ ಗುರುಗಳು ಕಟ್ಟಿದ ತೋಡಿ ರಾಗದ ಒಂದು ಹಾಡನ್ನು, ಒಂದು ಚೀಜನ್ನು, ಈವರೆಗೆ ಯಾರೂ ಧ್ವನಿಮುದ್ರಿಸಿರಲಿಲ್ಲ. ಚನ್ನವೀರಯ್ಯನವರು ಆ ಚೀಜನ್ನು ಶಿಷ್ಯೆ ಶಿವಗಂಗಾಳಿಗೆ ಕಲಿಸಿದ್ದರು. ಅವಳು ಮಾತ್ರ ಅದನ್ನು ಯಾರ ಮುಂದೆಯೂ ಹಾಡುವ ಧೈರ್ಯ ಮಾಡಿರಲಿಲ್ಲ.

ಅಂದು ಬೆಳಿಗ್ಗೆ ಅವಳು ಲ್ಯಾಪ್‌ಟಾಪು, ಮೈಕು, ಆಡಿಯೊ ಇಂಟರ್‌ಫೇಸಿನ ಪುಟ್ಟ ಡಬ್ಬಿ ತಂದು ಗುರುಗಳ ಮುಂದೆ ಜೋಡಿಸಿದಳು. ಸೊಲ್ಲಾಪುರದ ದಾವಲಸಾಬರು ತಾಳದ ಠೇಕಾವನ್ನು ತಬಲಾದಲ್ಲಿ ನುಡಿಸಿ, ಮುದ್ರಿಸಿ ಮೊದಲೇ ಕಳಿಸಿಕೊಟ್ಟಿದ್ದರು. ಗುರುಗಳು ಅದನ್ನು ಹೆಡ್‌ಫೋನಿನಲ್ಲಿ ಕೇಳುತ್ತ ಹಾಡಬೇಕಿತ್ತು.

ಸಂಜೆಯೊಳಗೆ ಹುಬ್ಬಳ್ಳಿಯ ಆಸ್ಪತ್ರೆಗೆ ಕರೆದೊಯ್ಯಲು ಕಾರು ಬರುವುದಿತ್ತು.

ಗುರುಗಳು ತಂಬೂರಿ ಮೀಟಿ ಹಾಡಲು ತೊಡಗಿದರು. ಮೊದಲ ಸಾಲು ಮುಗಿಯುವುದರೊಳಗೆ ನಿಂತುಬಿಟ್ಟರು.

"ಯಾಕ್ರೀ ಗುರುಗಳ?"

"ನಾ ಹಾಡಿದ ಮ್ಯಾಲೆ ನನ್ನ ದನಿ ಕಿವಿಗೆ ಬರ್ತೈತಿ. ಅದಕ್ಕ ಕಾಯ್ಕೊಂತ ಕುಂತರ ಲಯ ಹಿಂದ ಬೀಳ್ತೈತಿ."

ಶಿವಗಂಗಾಳಿಗೆ ಅರ್ಥವಾಯಿತು. ದನಿ ಮೈಕಿನಿಂದ ಡಬ್ಬಿಗೆ, ಡಬ್ಬಿಯಿಂದ ಕಂಪ್ಯೂಟರಿಗೆ ಹೋಗಿ ಮತ್ತೆ ಹೆಡ್‌ಫೋನಿಗೆ ಬರುವಷ್ಟರಲ್ಲಿ ತಡವಾಗುತ್ತಿತ್ತು. ಕಂಪ್ಯೂಟರು ದನಿಯನ್ನು ತುಸು ಕೂಡಿಟ್ಟುಕೊಂಡೇ ಮುಂದೆ ಕಳಿಸುತ್ತದೆ. ಆ ಕೂಡಿಡುವ ಅಳತೆಗೆ ಬಫರ್ ಅನ್ನುತ್ತಾರೆ. ಅದನ್ನು ಕಡಿಮೆ ಮಾಡಿದಳು.

"ಈಗ ಹಾಡ್ರಿ."

ತಡ ಹೋಯಿತು. ಆದರೆ ದನಿಯ ನಡುವೆ ಎಣ್ಣೆಯಲ್ಲಿ ಸಾಸಿವೆ ಸಿಡಿದಂತೆ ಚಟಚಟ ಸದ್ದು.

ಬಫರ್ ಹೆಚ್ಚಿಸಿದಳು. ಚಟಚಟ ನಿಂತಿತು, ತಡ ಮರಳಿ ಬಂತು.

"ಇನ್ನೊಮ್ಮೆ ಹಾಡ್ರಿ ಗುರುಗಳ."

ಗುರುಗಳು ಹಾಡಿದರು.

ಅವಳು ಕೇಬಲ್ ಬದಲಿಸಿದಳು. ಸೆಟ್ಟಿಂಗು ಬದಲಿಸಿದಳು. ಬಫರನ್ನು ಮತ್ತೆ ಇಳಿಸಿದಳು. ಎಲ್ಲವನ್ನೂ ಒಟ್ಟಿಗೇ ಮಾಡಿದಳು. ಕೈ ಬೆವರಿ ಬೆರಳು ಜಾರುತ್ತಿದ್ದವು.

"ಒಂದೇ ಸಲ, ಇನ್ನೊಂದೇ ಸಲ ಹಾಡ್ರಿ."

ಗುರುಗಳು ಹಾಡಿದರು. ಈ ಸಲ ಮೇಲಿನ ಷಡ್ಜಕ್ಕೆ ಹೋಗುವಾಗ ದನಿ ಒರಟಾಯಿತು. ಅದು ಯಂತ್ರದ ದೋಷವಲ್ಲವೆಂದು ಅವಳಿಗೆ ಗೊತ್ತಾಯಿತು.

ಗುರುಗಳು ನೀರು ಕುಡಿದು ಕೇಳಿದರು. "ಡಬ್ಬಿ ಪರೀಕ್ಷಾ ಮಾಡಾಕ ನನ್ನ ದನೀನ ಬೇಕೇನವ್ವಾ?"

ಅವಳು ತಲೆ ತಗ್ಗಿಸಿದಳು. ಉಳಿಸಬೇಕೆಂದು ಬಂದದ್ದನ್ನೇ ಬೆಳಗಿನಿಂದ ಖರ್ಚು ಮಾಡುತ್ತಿದ್ದೇನೆ ಅನ್ನಿಸಿ ಕಣ್ಣು ತುಂಬಿದವು.

"ತಪ್ಪಾತ್ರಿ ಗುರುಗಳ. ಹೊತ್ತು ಹೋಗಾಕತ್ತೈತಿ. ನನಗ ದಿಕ್ಕೇ ತಿಳೀವಲ್ದು."

ಗುರುಗಳು ತಂಬೂರಿಯನ್ನು ತೊಡೆಯ ಮೇಲೆ ಮಲಗಿಸಿ ಅದರ ಬಿರಡೆಗಳನ್ನೆಲ್ಲ ಸಡಿಲು ಮಾಡಿಬಿಟ್ಟರು. ತಂತಿಗಳು ಜೋಲುಬಿದ್ದವು.

"ಅಯ್ಯೋ, ಏನ್ ಮಾಡಿದ್ರಿ! ಕಾರು ಬರೂ ಹೊತ್ತಾತು!"

"ಶ್ರುತಿ ಮಾಡು."

ಅವಳಿಗೆ ಅಳು ಬಂತು, ಸಿಟ್ಟೂ ಬಂತು. ಆದರೂ ತಂಬೂರಿ ಎತ್ತಿಕೊಂಡಳು. ಮೊದಲು ಪಂಚಮದ ತಂತಿ ಹಿಡಿದಳು. ಅದು ಕೂಡುವವರೆಗೆ ಮುಂದಿನದನ್ನು ಮುಟ್ಟಲಿಲ್ಲ. ಅದು ಕೂಡಿದ ಮೇಲೆ ನಡುವಿನ ಜೋಡಿ ತಂತಿ. ಕೊನೆಗೆ ಖರ್ಜದ ದಪ್ಪ ತಂತಿ.

ಶ್ರುತಿ ಕೂಡುವ ಹೊತ್ತಿಗೆ ಅವಳ ಬೆರಳು ಜಾರುವುದು ನಿಂತಿತ್ತು.

"ಯಾಕ ಒಂದೊಂದ ತಿರುವಿದಿ?" ಎಂದರು ಗುರುಗಳು.

"ಎಲ್ಲಾ ಕೂಡೇ ತಿರುವಿದ್ರ ಯಾವ ತಂತಿ ತಪ್ಪೈತಿ ಅಂತ ತಿಳ್ಯೂದಿಲ್ರೀ."

ಗುರುಗಳು ಲ್ಯಾಪ್‌ಟಾಪಿನ ಕಡೆ ನೋಡಿದರು. ಅವಳೂ ನೋಡಿದಳು.

ಈಗ ಹೆಡ್‌ಫೋನನ್ನು ತಾನೇ ಹಾಕಿಕೊಂಡು ಮೈಕಿನ ಮುಂದೆ ಕೂತಳು. ಪರೀಕ್ಷೆಗೆ ಬೇರೇನೂ ಹೊಳೆಯದೆ ಅದೇ ಚೀಜಿನ ಮೊದಲ ಸಾಲು ಹಾಡಿದಳು. ಚಟಚಟ.

ಡಬ್ಬಿಯೂ ಹಾರ್ಡ್‌ಡಿಸ್ಕೂ ಒಂದೇ ಯುಎಸ್‌ಬಿ ಹಬ್ಬಿಗೆ ಸಿಕ್ಕಿಕೊಂಡಿದ್ದವು. ಡಬ್ಬಿಯನ್ನು ಬಿಡಿಸಿ ನೇರವಾಗಿ ಲ್ಯಾಪ್‌ಟಾಪಿಗೆ ಚುಚ್ಚಿದಳು. ಮತ್ತೆ ಹಾಡಿದಳು. ಚಟಚಟ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ.

ಹಿನ್ನೆಲೆಯಲ್ಲಿ ಬೇರೆ ಏನೇನು ನಡೆಯುತ್ತಿದೆ ಎಂದು ನೋಡಿದಳು. ಕಂಪ್ಯೂಟರು ಅವಳ ಹಳೆಯ ಫೋಟೋಗಳನ್ನೆಲ್ಲ ಇಂಟರ್ನೆಟ್ಟಿಗೆ ಏರಿಸುವುದರಲ್ಲಿ ತೊಡಗಿತ್ತು. ಅದನ್ನು ನಿಲ್ಲಿಸಿ ಹಾಡಿದಳು.

ಸದ್ದು ಅಡಗಿತು. ಆದರೆ ಆ ಸಣ್ಣ ಬಫರಿನಲ್ಲಿ ಅದು ಎಷ್ಟು ಹೊತ್ತು ಅಡಗಿರುತ್ತದೋ ಅವಳಿಗೆ ನಂಬಿಕೆ ಇರಲಿಲ್ಲ. ಬಫರನ್ನು ಮತ್ತೆ ಹೆಚ್ಚಿಸಿದಳು. ತನ್ನದೇ ದನಿ ತನ್ನ ಹಿಂದೆ ಕುಂಟುತ್ತ ಬಂತು. ಅದಕ್ಕಾಗಿ ಕಾಯಬಾರದೆಂದರೂ ಕಾಯುತ್ತಿದ್ದಳು. ಬೆಳಗಿನಿಂದ ಗುರುಗಳು ಹಾಡಿದ್ದು ಹೀಗೆಯೇ!

"ದನಿ ಕಂಪ್ಯೂಟರಿನ್ಯಾಗ ಹಾದು ಬರಬೇಕಲ್ರೀ, ಅದಕ್ಕ ತಡ," ಎಂದಳು.

"ಅಲ್ಲಿಗೆ ಯಾಕ ಹೋಗಬೇಕು?"

"ಅಲ್ಲಿ ಅದಕ್ಕ ಒಂದೀಟು ಗುಂಗು ಸೇರಸ್ತೀನ್ರಿ. ದೊಡ್ಡ ಗುಡಿಯೊಳಗ ಹಾಡಿದಂಗ ಕೇಳ್ಲಿ ಅಂತ. ದನಿ ತುಂಬಿದಂಗ ಆಕ್ಕೈತಿ."

"ನನ್ನ ದನಿ ಬಡವಾಗೈತೇನು?"

ಅವಳು ಬೆಳಗಿನಿಂದ ಮುಚ್ಚಿಟ್ಟ ಹೆದರಿಕೆ ಅದೇ ಆಗಿತ್ತು.

"ಇದ್ದದ್ದು ಇದ್ದಂಗ ಕೇಳಿಸವ್ವಾ," ಎಂದರು ಗುರುಗಳು.

ಡಬ್ಬಿಯ ಮೇಲೆ ಒಂದು ಸಣ್ಣ ತಿರುಗಣಿ ಇತ್ತು. ಅದನ್ನು ತಿರುಗಿಸಿದರೆ ಮೈಕಿನ ದನಿ ಕಂಪ್ಯೂಟರಿಗೆ ಹೋಗಿ ಬರದೆ ಡಬ್ಬಿಯಿಂದಲೇ ಕಿವಿಗೆ ಬರುತ್ತಿತ್ತು. ಗುಂಗು ಸೇರುವುದಿಲ್ಲವೆಂದು ಅವಳು ಅದನ್ನು ಮುಟ್ಟಿರಲಿಲ್ಲ. ಈಗ ತಿರುಗಿಸಿದಳು. ಕಂಪ್ಯೂಟರಿನಿಂದ ಮರಳಿ ಬರುವ ಹಾಡಿನ ದನಿಯನ್ನಷ್ಟೇ ಬಂದ್ ಮಾಡಿದಳು. ಹಾಡಿದಳು.

ತಡವಿಲ್ಲ, ಚಟಚಟವಿಲ್ಲ. ಬರಿಯ ದನಿ, ಜೊತೆಗೆ ತಬಲಾ.

"ಆತ್ರಿ ಗುರುಗಳ! ಆತು!"

ಹೊರಗೆ ಕಾರು ಬಂದು ನಿಂತ ಸದ್ದಾಯಿತು. ಅವಳು ಬಾಗಿಲ ಕಡೆ ನೋಡಿದಳು.

"ನಿಂದರ್ಲಿ," ಎಂದರು ಗುರುಗಳು. ಹೆಡ್‌ಫೋನು ಹಾಕಿಕೊಂಡು ಕಣ್ಣು ಮುಚ್ಚಿದರು. ಅವಳು ಮುದ್ರಣದ ಗುಂಡಿ ಒತ್ತಿದಳು.

ದನಿ ಒರಟಾಗಿತ್ತು. ಆದರೆ ತಾಳದ ಮೊದಲ ಪೆಟ್ಟಿಗೆ, ಸಮ್‌ಗೆ, ಸರಿಯಾಗಿ ಬಂದು ಕೂತಿತು. ಚೀಜಿನ ಮೊದಲ ಭಾಗವಾದ ಸ್ಥಾಯಿಯನ್ನು ಪೂರ್ತಿ ಹಾಡಿದರು. ಶಿವಗಂಗಾ ಪರದೆಯನ್ನೇ ನೋಡುತ್ತಿದ್ದಳು. ಒಂದು ಕಡೆಯೂ ಕೆಡಲಿಲ್ಲ.

ಎರಡನೆಯ ಭಾಗ, ಅಂತರಾ, ಎತ್ತಿಕೊಂಡರು. ಮೇಲಿನ ಷಡ್ಜದ ಹತ್ತಿರ ದನಿ ಒಡೆಯಿತು. ಮತ್ತೆ ಎತ್ತಿದರು. ಗಾಳಿಯಷ್ಟೇ ಬಂತು.

ಅವಳ ಕೈ ತಾನಾಗಿ ನಿಲ್ಲಿಸುವ ಗುಂಡಿಯ ಕಡೆ ಹೋಯಿತು. ಗುರುಗಳು ಆ ಕೈ ಹಿಡಿದರು. ಹೆಡ್‌ಫೋನು ತೆಗೆದು ಅವಳ ಕಿವಿಗೆ ಹಾಕಿ, ತಾವು ಸರಿದು ಮೈಕಿನ ಮುಂದೆ ಜಾಗ ಬಿಟ್ಟರು.

"ನಾ ಹ್ಯಾಂಗ್ರಿ?" ಅವಳು ಪಿಸುಗುಟ್ಟಿದಳು. "ಅದು ನಿಮ್ಮ ದನಿ ಆಗೂದಿಲ್ಲಲ್ರೀ!"

ಗುರುಗಳು ತೊಡೆಯ ಮೇಲೆ ಬೆರಳಿನಿಂದ ತಾಳದ ಮಾತ್ರೆ ಎಣಿಸುತ್ತಿದ್ದರು. ಉಳಿದಿದ್ದ ಒಡಕು ದನಿಯಲ್ಲೇ ಹೇಳಿದರು.

"ನಾನೂ ನಮ್ಮ ಗುರುಗಳ ದನ್ಯಾಗ ಹಾಡಿಲ್ಲವ್ವಾ. ಸಮ್ ಬರಾಕತ್ತೈತಿ, ಎತ್ತಿಕೋ."