ನುಚ್ಚಮ್ಮ ಮೀಸೆ ಮಡಚಿದ್ದು

ಲೋಕ ಇನ್ನೂ ಹಸಿಹಸಿಯಾಗಿತ್ತು. ಸಮುದ್ರಕ್ಕೆ ಆಗಷ್ಟೇ ಉಪ್ಪು ಹಾಕಿ ಕದಡಿದ್ದರು. ಸುಳ್ಳು ಅನ್ನಿಸಿದರೆ ನೆಕ್ಕಿ ನೋಡಿ.

ಆ ಸಮುದ್ರದ ನಟ್ಟನಡುವೆ ಒಂದೇ ಒಂದು ದ್ವೀಪ. ಅದರ ಸುತ್ತ ಮಾತ್ರ ಹಸಿರು ಪಾಚಿಯ ಊಟ. ಆಚೆಗೆಲ್ಲ ಬರೀ ನೀಲಿ ನೀರು, ಒಂದು ತುತ್ತೂ ಇಲ್ಲ.

ದ್ವೀಪದ ಪಕ್ಕದಲ್ಲಿ ನುಚ್ಚಮ್ಮ ಇದ್ದಳು. ಅಕ್ಕಿನುಚ್ಚಿಗಿಂತ ಸಣ್ಣವಳು. ಗಾಜಿನಂಥ ಮೈ, ಎರಡು ಉದ್ದ ಮೀಸೆ. ಹೆಂಗಸಿಗೆ ಮೀಸೆಯೇ ಅಂತ ನಗಬೇಡಿ, ಆ ಕುಲದಲ್ಲಿ ಹುಟ್ಟಿದ ಕೂಸಿಗೂ ಮೀಸೆ! ನೀರಲ್ಲಿ ತೇಲಿ ಬದುಕುವ ಇಂಥ ಪುಟ್ಟ ಜೀವಿಗಳನ್ನೆಲ್ಲ ಓದಿದವರು ಪ್ರಾಣಿಪ್ಲವಕ ಅನ್ನುತ್ತಾರೆ. ನುಚ್ಚಮ್ಮನಿಗೆ ಅದು ಗೊತ್ತಿಲ್ಲ, ಹೇಳಲೂ ಬೇಡಿ.

ಒಂದು ದಿನ ಸಮುದ್ರದ ಮೇಲ್ಮೇಲೆ ಹರಿಯುವ ಮೇಲ್ನೀರು ಕುಣಿಯುತ್ತ ಬಂದು ಅವಳ ಮಕ್ಕಳನ್ನೆಲ್ಲ ದೂರಕ್ಕೆ ಎಳೆದುಕೊಂಡು ಹೊರಟಿತು.

“ಅಯ್ಯೋ, ನಿಲ್ಲೋ ಮಾರಾಯ! ಅಲ್ಲಿ ಮಕ್ಕಳು ಉಪವಾಸ ಸಾಯ್ತಾವೆ!”

“ನಿಲ್ಲೋದು ನನಗೆ ಯಾರೂ ಕಲಿಸಿಲ್ಲ ನುಚ್ಚಮ್ಮಾ,” ಅಂದಿತು ಮೇಲ್ನೀರು.

ನುಚ್ಚಮ್ಮ ಹಿಂದೆಯೇ ಹಾರಿ ಮಕ್ಕಳನ್ನು ಸೇರಿದಳು. ಎಲ್ಲರೂ ದ್ವೀಪದ ಕಡೆ ತಿರುಗಿ, ಮೀಸೆ ಹರಡಿ ಈಜಿದರು. ಈಜಿದರು, ಈಜಿದರು, ದ್ವೀಪ ಸಣ್ಣದಾಗುತ್ತಲೇ ಹೋಯಿತು. ಹರಡಿದ ಮೀಸೆ ಅವರನ್ನು ತೇಲಿಸುತ್ತಿತ್ತು, ತೇಲಿದವರನ್ನು ಮೇಲ್ನೀರು ಹೊತ್ತೊಯ್ಯುತ್ತಿತ್ತು.

ಕೊನೆಗೆ ನುಚ್ಚಮ್ಮ ಸುಸ್ತಾದಳು. ಮೀಸೆ ತಾನಾಗಿ ಮಡಚಿಕೊಂಡಿತು. ಬುಳಕ್! ಕಲ್ಲಿನಂತೆ ಕೆಳಗಿಳಿದಳು. ಅಲ್ಲಿ ಕತ್ತಲು, ಚಳಿ. ಅಡಿನೀರಜ್ಜಿ ಗೊಣಗುತ್ತ ಎದುರು ದಿಕ್ಕಿಗೆ ಸಾಗುತ್ತಿದ್ದಳು.

“ಎಲ್ಲಿಗಜ್ಜಿ?”

“ದ್ವೀಪಕ್ಕೆ. ಆ ಮೇಲಿನವನು ಹೊತ್ತೊಯ್ದದ್ದನ್ನು ವಾಪಸ್ ತರೋದೇ ನನ್ನ ಹಣೆಬರಹ. ಬರ್ತೀಯೇನೇ?”

“ಇರಜ್ಜಿ, ಮಕ್ಕಳು ಮೇಲಿದಾವೆ!”

ನುಚ್ಚಮ್ಮ ಏದುಸಿರು ಬಿಡುತ್ತ ಮತ್ತೆ ಮೇಲೆ ಹತ್ತಿದಳು. “ಮೀಸೆ ಮಡಚಿ, ಮಕ್ಕಳಾ!”

“ಕೆಳಗೆ ಕತ್ತಲಮ್ಮಾ!”

“ಕತ್ತಲಿಗೇನು ಹಲ್ಲಿದೆಯಾ? ಹಲ್ಲಿರೋ ಮೀನೆಲ್ಲ ಇಲ್ಲಿ ಬೆಳಕಲ್ಲೇ ನಿಮ್ಮನ್ನ ಹುಡುಕ್ತಿವೆ. ಮಡಚಿ!”

ಬುಳಕ್, ಬುಳಕ್, ಬುಳಕ್!

ಅಜ್ಜಿಯ ನಡಿಗೆ ನಿಧಾನ. ದ್ವೀಪದ ಬುಡ ಮುಟ್ಟುವಾಗ ಸಂಜೆಯಾಗಿತ್ತು. ಹಸಿದ ಮಕ್ಕಳು ಮೇಲೆ ಹತ್ತಿ ಪಾಚಿಗೆ ಮುತ್ತಿಕೊಂಡವು.

“ಬಂದ್ರಾ, ನನ್ನ ಪುಟಾಣಿಗಳಾ! ಊರೇ ಬಿಕೋ ಅಂತಿತ್ತು,” ಅಂದಿತು ದ್ವೀಪ.

ರಾತ್ರಿಯೆಲ್ಲ ಮೇಲ್ನೀರು ಎಳೆಯಿತು. ಎಳೆದರೆ ಎಳೆಯಲಿ ಅಂತ ಅವು ಮೇಯುತ್ತಲೇ ಇದ್ದವು. ಬೆಳಕು ಹರಿಯುತ್ತಲೇ ಇಳಿದು ಅಜ್ಜಿಯ ಬೆನ್ನೇರಿದವು, ಸಂಜೆಗೆ ಮತ್ತೆ ದ್ವೀಪ ಸೇರಿದವು. ಅಂದಿನಿಂದ ದಿನಾ ಇದೇ.

ಅದಕ್ಕೇ ನೋಡಿ, ದೂರದ ದ್ವೀಪದ ದಡದಲ್ಲಿ ಮಧ್ಯಾಹ್ನ ಬೊಗಸೆ ನೀರೆತ್ತಿದರೆ ಬರೀ ನೀರು. ಹೊತ್ತು ಮುಳುಗಿದ ಮೇಲೆ ಎತ್ತಿದರೆ ಅಂಗೈಯಲ್ಲಿ ಚುಕ್ಕಿಚುಕ್ಕಿ ಮಕ್ಕಳು ಕುಪ್ಪಳಿಸುತ್ತವೆ, ಬೇಗ ಬಿಟ್ಟುಬಿಡಿ, ಪಾಪ, ಊಟದ ಹೊತ್ತು.